ವಾಸಿಯಾಗದ ಕೈ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರ್ ಅಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಅಂಗಿಗಳಿಗೆ ಕಾಲರ್ ಕೂರಿಸಿ ಕೂರಿಸಿ ಅವಳ ಬಲಗೈಯ ಮಣಿಕಟ್ಟು ಸೋತುಹೋಗಿತ್ತು. ಒಂದು ಭಾನುವಾರ ಚರ್ಚಿನ ಆರಾಧನೆಯಲ್ಲಿ ಸಭಾಪಾಲಕರು ಆ ಕೈ ಹಿಡಿದು ಪ್ರಾರ್ಥಿಸಿ, ನೋವು ಹೋಯಿತೇ ಎಂದು ಕೇಳಿದರು. ಇಡೀ ಸಭೆ ಅವಳ ಬಾಯನ್ನೇ ನೋಡುತ್ತಿತ್ತು. ಇಲ್ಲವೆಂದರೆ ತನ್ನ ನಂಬಿಕೆಯೇ ಜೊಳ್ಳು ಎಂದುಕೊಂಡಾರು. ಹೋಯಿತು ಎಂದಳು. ಚಪ್ಪಾಳೆ ಬಿತ್ತು.

ಸುಳ್ಳನ್ನು ಸಾಕುವುದು ಸುಲಭವಲ್ಲ. ಅಂದಿನಿಂದ ಸಭೆಯವರ ಕಣ್ಣೆದುರು ಬಕೆಟ್ಟನ್ನು ಬಲಗೈಯಲ್ಲೇ ಎತ್ತಬೇಕಾಯಿತು. ಕಾರ್ಖಾನೆಯಲ್ಲಿ ಪಕ್ಕದ ಮಿಷನ್ನಿನವಳು, "ವಾಸಿಯಾದ ಕೈಗೆ ಪಟ್ಟಿ ಯಾಕಕ್ಕಾ? ಗ್ಯಾರಂಟಿ ಮುಗೀತಾ?" ಎಂದು ಕಿಚಾಯಿಸಿದರೆ ನಕ್ಕು ಇನ್ನೊಂದು ಕಾಲರ್ ಎತ್ತಿಕೊಳ್ಳುತ್ತಿದ್ದಳು.

ಮನೆಯಲ್ಲಿ ಗಂಡನ ಅಕ್ಕ ಇದ್ದಳು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಉಳಿಯಲು ದಿನಕ್ಕೆರಡು ಹೊತ್ತು ಔಷಧಿಯ ಹನಿ ಬೀಳಬೇಕಿತ್ತು. ಮೂರನೆಯ ವಾರ ಕಪಾಟು ಒರೆಸುವಾಗ ಕಾಲರ್ ಅಕ್ಕನಿಗೆ ಸೀಲು ಒಡೆಯದ ಬಾಟಲಿ ಸಿಕ್ಕಿತು.

"ಅತ್ತಿಗೆ, ಹನಿ ಹಾಕ್ಕೊಳ್ತಿಲ್ವಾ?"

"ನಿಲ್ಲಿಸ್ಬಿಟ್ಟೆ. ನಂಬಿದ್ದಕ್ಕೆ ನಿನ್ನ ಕೈ ಸರಿಹೋಯ್ತು. ನನ್ನ ನಂಬಿಕೆ ಏನು ಸೆಕೆಂಡ್ ಹ್ಯಾಂಡಾ?"

ವೈದ್ಯರನ್ನು ಕೊಟ್ಟವನೂ ದೇವರೇ ಎಂದು ಸುತ್ತಿ ಬಳಸಿ ಹೇಳಿ ನೋಡಿದಳು. ಅತ್ತಿಗೆ ಜಗ್ಗಲಿಲ್ಲ. ಕೊನೆಗೆ ನೆಲ ನೋಡುತ್ತ, "ನನ್ನ ಕೈ ವಾಸಿ ಆಗಿಲ್ಲ. ಅವತ್ತೂ ನೋಯ್ತಿತ್ತು" ಎಂದಳು.

ಅತ್ತಿಗೆ ಇದ್ದೊಂದು ಕಣ್ಣನ್ನು ಅವಳ ಮೇಲೆ ನೆಟ್ಟಳು.

"ನನಗೊಬ್ಬಳಿಗೆ ಹೇಳಿದ್ರೆ ಸಾಲದು. ಹಿಂದಿನ ಬೆಂಚಿನ ಮುದುಕಪ್ಪ ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟಿದ್ದಾನೆ. ನಿನ್ನ ಸಾಕ್ಷಿ ಕೇಳಿಯೇ."

ಭಾನುವಾರ ಸಭೆಯೆದುರು ಅದೇ ಜಾಗದಲ್ಲಿ ನಿಂತು, ಕೈ ವಾಸಿಯಾಗಿಲ್ಲ ಎಂದು ಹೇಳಿದಳು. ಯಾರೋ ಕೆಮ್ಮಿದರು. ಸಭಾಪಾಲಕರು ತಲೆ ತಗ್ಗಿಸಿ ಹಾಡಿನ ಪುಸ್ತಕ ತಿರುವಿದರು. ಬೆಂಚಿಗೆ ಮರಳುವ ಹತ್ತು ಹೆಜ್ಜೆಯಲ್ಲಿ ಅವಳ ಮುಖ ಸುಡುತ್ತಿತ್ತು. ದೇವರ ಹೆಸರು ಉಳಿಸಲೆಂದು ಸುಳ್ಳು ಹೇಳಿದೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದಳು. ಉಳಿಸಿಕೊಂಡದ್ದು ತನ್ನ ಮರ್ಯಾದೆಯನ್ನು.

ಯೇಸಪ್ಪಾ, ನೋವು ಹಾಗೇ ಇದೆ, ನಿನ್ನನ್ನು ಬಿಟ್ಟು ನಾನೂ ಎಲ್ಲಿಗೂ ಹೋಗುವುದಿಲ್ಲ, ಮುಖ ಎತ್ತಲು ಮಾತ್ರ ಆಗುತ್ತಿಲ್ಲ ಎಂದು ಕುಳಿತಲ್ಲೇ ಪ್ರಾರ್ಥಿಸಿದಳು. ಆ ವಾರಗಳಲ್ಲಿ ಅವಳು ಮಾಡಿದ ನಿಜವಾದ ಪ್ರಾರ್ಥನೆ ಅದೊಂದೇ.

ಸಂಜೆ ಅತ್ತಿಗೆ ಬಂದು ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ ಕಣ್ಣು ತೆರೆದಳು. ಬಾಟಲಿ ಒತ್ತಲು ಬಲಗೈಗೆ ಶಕ್ತಿ ಸಾಲಲಿಲ್ಲ. ಕಾಲರ್ ಅಕ್ಕ ನೋವನ್ನು ಮುಚ್ಚಿಡದೆ ಬಾಟಲಿಯನ್ನು ಎಡಗೈಗೆ ಬದಲಿಸಿಕೊಂಡಳು.