ಸುಮ್ಮನಿರಬೇಕಾದ ಸಾಲು

ಬೆಳಗಿನ ಆರೂವರೆ. ಜಕ್ಕೂರು ಕೆರೆಯ ಆಚೆ, ನಾಲ್ಕನೇ ಮಹಡಿಯ ಪುಟ್ಟ ಪ್ರಯೋಗಾಲಯದಲ್ಲಿ ನಾಗಲಕ್ಷ್ಮಿ ಸೂಜಿ ಸಿದ್ಧವಿಟ್ಟುಕೊಂಡೂ ಚುಚ್ಚದೆ ನಿಂತಿದ್ದಾರೆ. ರಕ್ತ ಕೊಡಲು ಬಂದಿರುವ ಕಟ್ಟಡದ ಕಾವಲುಗಾರ ಮುನೀಂದ್ರ ಏದುಸಿರು ಬಿಡುತ್ತಿದ್ದಾರೆ.

"ಮತ್ತೆ ಸೈಕಲ್ ತುಳ್ಕೊಂಡ್ ಬಂದ್ಯಾ?"

"ಲಿಫ್ಟೂ ಕೆಟ್ಟೋಗಿದೆ ಕಣಕ್ಕ. ಬೇಗ ಚುಚ್ಚಿ, ಗೇಟ್ ಹತ್ರ ಯಾರೂ ಇಲ್ಲ."

"ಕೂತ್ಕೋ. ನಿನ್ ರಕ್ತ ಇನ್ನೂ ಓಡ್ತಾ ಐತೆ."

ನಾಗಲಕ್ಷ್ಮಿ ಮಾಕಳಿಯವರು. ಆರ್.ಟಿ. ನಗರದ ರಕ್ತಪರೀಕ್ಷೆಯ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದು, ಈಗ ಇಲ್ಲಿ ತಂತ್ರಜ್ಞೆ. ಬಿಳಿ ರಕ್ತಕಣಗಳನ್ನು ತಾಜಾ ಇರುವಾಗಲೇ ಬೇರ್ಪಡಿಸಬೇಕಾದ್ದರಿಂದ ಕತ್ತಲಿರುವಾಗಲೇ ಮೊದಲ ಬಸ್ಸು ಹಿಡಿಯುತ್ತಾರೆ. ಆ ಕಣಗಳಲ್ಲಿ ಕೆಲವಕ್ಕೆ ಕೊಲ್ಲುವುದೇ ಕಸುಬು. ಆದರೆ ಕ್ಯಾನ್ಸರ್ ಕೋಶ ಪಕ್ಕದಲ್ಲೇ ಇದ್ದರೂ ಎಷ್ಟೋ ಸಲ ಅವಕ್ಕೆ ಗುರುತು ಸಿಗುವುದಿಲ್ಲ. ಪ್ರತಿಕಾಯವೆಂಬ ಪ್ರೋಟೀನು ಒಂದು ತುದಿಯಿಂದ ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು, ಇನ್ನೊಂದು ತುದಿಯನ್ನು ಈ ಕಣಗಳಿಗೆ ಹಿಡಿಯಲು ಕೊಡುತ್ತದೆ. ಆಮೇಲೆ ಅವು ಬಿಡುವುದಿಲ್ಲ.

ಪರೀಕ್ಷೆಯ ತಟ್ಟೆಯ ಪುಟ್ಟ ಗುಳಿಗಳಲ್ಲಿ ಈ ಕಣಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಬೆರೆಸಿ, ಒಂದು ಸಾಲಿಗೆ ಔಷಧಿಯಾಗಿ ಪ್ರತಿಕಾಯ ಹಾಕುತ್ತಾರೆ, ಇನ್ನೊಂದಕ್ಕೆ ಹಾಕುವುದಿಲ್ಲ. ಎರಡರಲ್ಲಿ ಸತ್ತ ಕೋಶಗಳ ನಡುವಿನ ಅಂತರವೇ ಔಷಧಿಯ ಬಲ. ಹೋದ ವಾರ ಮುನೀಂದ್ರ ಸೈಕಲ್ ಇಳಿದು ಬಂದವರೇ ತೋಳು ಚಾಚಿದರು, ನಾಗಲಕ್ಷ್ಮಿ ಚುಚ್ಚಿಬಿಟ್ಟರು. ಮೈ ದಂಡಿಸಿದಾಗ ಕೊಲ್ಲುವ ಕಣಗಳು ರಕ್ತಕ್ಕೆ ನುಗ್ಗುತ್ತವೆ. ಎರಡೂ ಸಾಲುಗಳಲ್ಲಿ ಕ್ಯಾನ್ಸರ್ ಕೋಶಗಳು ಸತ್ತವು, ಅಂತರವೇ ಕಾಣದೆ ತಟ್ಟೆ ಕಸಕ್ಕೆ ಹೋಯಿತು. ಈ ಪ್ರತಿಕಾಯವನ್ನು ಮುಂದುವರಿಸಬೇಕೇ, ಕೈಬಿಡಬೇಕೇ ಎಂಬ ಸಭೆ ನಾಳೆ. ಇಂದಿನ ತಟ್ಟೆಯೂ ಕೆಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ.

ವಿಜ್ಞಾನಿ ನಯನಾ ಬಾಗಿಲಲ್ಲಿ ಇಣುಕುತ್ತಾರೆ. "ಇನ್ನೂ ತಗೊಂಡಿಲ್ವಾ?"

"ಒಂದ್ ಗಂಟೆ ಕೂರಿಸ್ತೀನಿ ಮೇಡಂ. ಸಂಜೆ ಲೇಟಾಗತ್ತೆ."

"ಆಗ್ಲಿ. ನಾನೂ ಇರ್ತೀನಿ."

ಮುನೀಂದ್ರ ಕಾಲು ಚಾಚುತ್ತಾರೆ. "ಸುಮ್ನೆ ಕೂರೋದೂ ಒಂದ್ ಕೆಲ್ಸನಾ ಅಕ್ಕ?"

"ವಾಚ್‌ಮನ್ನಿಗೆ ಅದೇನ್ ಹೊಸ್ದೇನಪ್ಪ?"

ಗಂಟೆ ಕಳೆದು ಉಸಿರು ಹದಕ್ಕೆ ಬಂದ ಮೇಲೆ ರಕ್ತ ಕೊಳವೆಗೆ ಇಳಿಯುತ್ತದೆ. ದಿನವಿಡೀ ರಕ್ತವನ್ನು ಗರಗರ ತಿರುಗಿಸಿ ಕಣ ಬೇರ್ಪಡಿಸುವುದು, ತೊಳೆಯುವುದು, ಎಣಿಸುವುದು, ಊಟ ನಿಂತಲ್ಲೇ. ಕತ್ತಲಾಗುವ ಹೊತ್ತಿಗೆ ಯಂತ್ರ ತಟ್ಟೆಯನ್ನು ಓದುತ್ತದೆ. ಪ್ರತಿಕಾಯವಿದ್ದ ಸಾಲಿನಲ್ಲಿ ಅರ್ಧದಷ್ಟು ಕ್ಯಾನ್ಸರ್ ಕೋಶಗಳು ಸತ್ತಿವೆ. ಇಲ್ಲದ ಸಾಲಿನಲ್ಲಿ ಬೆರಳೆಣಿಕೆಯಷ್ಟು.

ನಯನಾ ಮೊದಲ ಸಾಲನ್ನೇ ನೋಡಿ ನಗುತ್ತಿದ್ದಾರೆ. ನಾಗಲಕ್ಷ್ಮಿ ಕೈಗವಸು ಕಳಚುತ್ತ ಎರಡನೆಯದರತ್ತ ಬೆರಳು ತೋರುತ್ತಾರೆ.

"ಸಾಯ್ಸಿದ್ದು ಔಷಧಿ ಕೆಲ್ಸ ಮೇಡಂ. ಈ ಸಾಲು ಇಂಗೆ ಸುಮ್ನೆ ಐತಲ್ಲ, ಇದು ನಂದು."