ಪೊನ್ನಮ್ಮ ಹಾರಿಸಿದ ಎರಡು ಗುಂಡು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕನೆಯ ಬೇಸಿಗೆ ಅದು. ಮೊರಾಕೊ ದೇಶದ ಅಗಾದಿರ್ ಎಂಬ ಊರು ಭೂಕಂಪಕ್ಕೆ ನೆಲಸಮವಾದ ಸುದ್ದಿ ರೇಡಿಯೊದಲ್ಲಿ ಬಂತು. ಮಿಲಿಟರಿಯಿಂದ ನಿವೃತ್ತನಾಗಿ ಬಿಟ್ಟಂಗಾಲದಲ್ಲಿ ಕಾಫಿ ತೋಟ ನೋಡಿಕೊಂಡಿದ್ದ ಸೋಮಯ್ಯ ಸತ್ತವರ ಲೆಕ್ಕಕ್ಕೆ ಕಿವಿಗೊಟ್ಟರೆ, ಅವನ ಹೆಂಡತಿ ಪೊನ್ನಮ್ಮನ ಕುತೂಹಲವೇ ಬೇರೆ. ಯಾವ್ಯಾವುದೋ ದೇಶದ ಹಡಗುಗಳು ಸಹಾಯಕ್ಕೆ ಓಡಿದವಂತೆ. ಅವನ್ನು ಕರೆದವರು ಯಾರು, ಏನೆಂದು ಕರೆದರು ಎಂದು ಕೇಳಿದಳು.

ಕೇಳಲು ಅವಳಿಗೆ ಕಾರಣವಿತ್ತು. ಹಿಂದಿನ ವರ್ಷ ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನಿನ ಹುಲ್ಲಿನ ಮನೆಗಳಿಗೆ ಬೆಂಕಿ ಬಿದ್ದಾಗ ಆಳು ಕೆಂಚನನ್ನು ಸುತ್ತಲ ಮನೆಗಳಿಗೆ ಓಡಿಸಿದ್ದಳು. ಆಳುಗಳ ಲೈನು ತಾನೆ ಎಂದುಕೊಂಡು ಎಲ್ಲರೂ ತಂತಮ್ಮ ತೋಟದ ಬೇಲಿ ಕಾದು ನಿಂತರು.

ಅಗಾದಿರ್ ಸುದ್ದಿ ಬಂದ ಆ ವಾರ ಸೋಮಯ್ಯ ಅಮ್ಮತ್ತಿ ಸಂತೆಗೆ ಹೋಗಿದ್ದ ಮಧ್ಯಾಹ್ನ ಕಾಡಿನ ಬೆಂಕಿ ಬಿದಿರುಮೆಳೆ ಹತ್ತಿ ಮತ್ತೆ ಲೈನಿನತ್ತ ಇಳಿಯಿತು. ಕೆಲಸದ ಮುದ್ದಿ ಏದುಸಿರು ಬಿಡುತ್ತ ಬಂದಳು. ಅಮ್ಮಂದಿರು ತೋಟಕ್ಕೆ ಬರುವಾಗ ಕೂಸುಗಳನ್ನು ಲೈನಿನಲ್ಲೇ ಮುದುಕಿ ಚೋಮಿಯ ಬಳಿ ಬಿಟ್ಟು ಬರುತ್ತಿದ್ದರು. ಅಲ್ಲಿಗೆ ಹೋಗುವ ಕಾಲುದಾರಿಗೆ ಬೆಂಕಿ ಅಡ್ಡ ಬಂದಿತ್ತು.

ಪೊನ್ನಮ್ಮ ಗೋಡೆಯ ಕೋವಿ ಇಳಿಸಿದಳು. ಸಾವಿನ ಮನೆಯಿಂದ ಎರಡು ಗುಂಡು ಹಾರುವುದು ಅಲ್ಲಿಯ ಪದ್ಧತಿ. ಅದು ಕೇಳಿದರೆ ಮಾತು ಬಿಟ್ಟವರೂ ಉಣ್ಣುವ ಅನ್ನ ಬಿಟ್ಟು ಏಳಬೇಕು. ಅಂಗಳದಲ್ಲಿ ನಿಂತು ಎರಡೂ ಗುಂಡು ಹಾರಿಸಿದಳು.

ಗುಡ್ಡದ ನಾಲ್ಕೂ ಕಡೆಯಿಂದ ಜನ ಬಂದರು. ಕೈಯಲ್ಲಿ ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ. ಆಸ್ತಿ ಪಾಲಿನ ಜಗಳವಾದ ಮೇಲೆ ಈ ಹೊಸ್ತಿಲು ತುಳಿಯದ ಭಾವ, ಸೋಮಯ್ಯನ ಅಣ್ಣ ದೇರಪ್ಪನೂ ಇದ್ದ.

"ಯಾರಮ್ಮ ಹೋದದ್ದು?" ಊರಿನ ಹಿರಿಯ ನಾಣಯ್ಯ ಕೇಳಿದ.

"ಇನ್ನೂ ಯಾರೂ ಹೋಗಿಲ್ಲ ಮಾವ. ಲೈನಿಗೆ ಬೆಂಕಿ. ಕೂಸುಗಳು ಒಳಗಿದ್ದಾವೆ."

ನಾಣಯ್ಯನ ಮುಖ ಕೆಂಪಾಯಿತು. ಆದರೆ ದೇರಪ್ಪ ಆಗಲೇ ಪಕ್ಕದಲ್ಲೇ ಹರಿಯುವ ತೋಡಿನ ನೀರಿಗೆ ಬಟ್ಟೆ ಅದ್ದಿ ಓಡಿದ್ದ. ಉಳಿದವರೂ ಹಿಂದೆಯೇ ನುಗ್ಗಿ ಒದ್ದೆ ಬಟ್ಟೆಯಿಂದ ಬೆಂಕಿ ಬಡಿದು ದಾರಿ ಮಾಡಿದರು. ಪೊನ್ನಮ್ಮನೂ ಕೆಂಡ ತುಳಿಯುತ್ತ ಬಡಿದಳು. ಚೋಮಿಯನ್ನು ಹೊತ್ತು ತಂದರು, ಕೂಸುಗಳನ್ನೂ. ಲೈನು ಅರ್ಧ ಉಳಿಯಿತು.

ಮೈಯೆಲ್ಲ ಮಸಿಯಾದ ನಾಣಯ್ಯ ಅಂಗಳದಲ್ಲಿ ಕುಳಿತು ಕೇಳಿದ: "ಕೂಸು ಉಳಿದದ್ದು ಸರಿ. ನಾಳೆ ನಿನ್ನ ಮನೆಯಲ್ಲೇ ಸಾವಾದರೆ ಆ ಗುಂಡನ್ನು ನಾವು ನಂಬೋದು ಹೇಗೆ?"

ಪೊನ್ನಮ್ಮನಿಗೂ ಅದೇ ಪ್ರಶ್ನೆ ಎದ್ದಿತ್ತು. ಗುಂಡು ಕೇಳಿದ ಮನೆಗಳಿಗೆಲ್ಲ ಅವಳೇ ನಡೆದು ಹೋಗಿ ಸಾವಾಗಿಲ್ಲವೆಂದು ತಿಳಿಸಿ ಬರಬೇಕೆಂದು ನಾಣಯ್ಯ ಹೇಳಿದ. ಮರುದಿನ ಹೊರಟಳು. ಕೆಲವರು ಬೈದರು, ಕೆಲವರು ನಕ್ಕರು, ಒಬ್ಬಳು ಬಾಗಿಲೇ ತೆರೆಯಲಿಲ್ಲ.

ಕೊನೆಗೆ ದೇರಪ್ಪನ ಮನೆ. ಓರಗಿತ್ತಿ ತಂಗಮ್ಮ ಕಾಫಿ ಒಣಗಿಸುವ ಕಣದಲ್ಲಿದ್ದಳು.

"ಸತ್ತದ್ದು ನೀನೇ ಅಂದ್ಕೊಂಡೆ," ಎಂದಳು. "ಅತ್ತದ್ದು ದಂಡ."

ಪೊನ್ನಮ್ಮ ನಗಲು ಹೋಗಿ ನಿಲ್ಲಿಸಿದಳು. "ಬೆಂಕಿ ಅಂತ ಕರೆದಿದ್ರೆ ಭಾವನನ್ನ ಕಳಿಸ್ತಿದ್ರಾ ಅಕ್ಕ?"

ತಂಗಮ್ಮ ಹರವಿದ ಕಾಫಿಯಲ್ಲಿ ಕೈಯಾಡಿಸಿದಳು.

"ಇಲ್ಲ. ಕಳಿಸ್ತಿರ್ಲಿಲ್ಲ."

ಆಮೇಲೆ ಪೊನ್ನಮ್ಮನ ಅಂಗಾಲಿನ ಬೊಬ್ಬೆ ಕಂಡು, ಒಳಗಿನಿಂದ ತೆಂಗಿನೆಣ್ಣೆ ತಂದು, ಕಾಲು ಈಚೆ ನೀಡು ಎಂದಳು.