ಮಾವ ಕೂತಾಗ ಓಲಾಡದ ಗಾಡಿ

ನನಗೆ ಮುಂಗೋಪ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮೂರು ತಿಂಗಳು ಅಡುಗೆಮನೆಯಲ್ಲಿ ನಾನು ಎಷ್ಟು ಪಾತ್ರೆ ಕುಕ್ಕಿದೆ ಅನ್ನುವುದಕ್ಕೆ ನನ್ನ ಗಂಡನೇ ಸಾಕ್ಷಿ. ನಮ್ಮದು ಹರದನಹಳ್ಳಿ, ನಾನು ಪಾಠ ಹೇಳುವ ಶಾಲೆ ಅರಕಲಗೂಡಿನಲ್ಲಿ. ನಲವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತು, ಮನೆಯ ಏಳು ಸೀಟಿನ ಗಾಡಿಯನ್ನು ಎರಡು ವರ್ಷ ನಾನೇ ಓಡಿಸಿಕೊಂಡು ಹೋಗಿ ಬಂದಿದ್ದೆ. ಒಂದು ಬೆಳಗ್ಗೆ ತಿರುವಿನಲ್ಲಿ ಗಾಡಿಯ ಹಿಂಭಾಗವನ್ನು ಯಾರೋ ಎತ್ತಿ ಪಕ್ಕಕ್ಕೆ ಒಗೆದ ಹಾಗಾಯಿತು. ಸ್ಟೇರಿಂಗ್ ಹಿಡಿದು ಸಾವರಿಸಿಕೊಳ್ಳುವಷ್ಟರಲ್ಲಿ ಎರಡು ಚಕ್ರ ರಸ್ತೆ ಬಿಟ್ಟು ಜೋಳದ ಹೊಲದ ಬದುವಿಗೆ ಇಳಿದಿದ್ದವು. ಎದುರಿಗೆ ಲಾರಿ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಗಂಡ ಗಾಡಿಯನ್ನು ಹಾಸನಕ್ಕೆ ಒಯ್ದು ಅಲೈನ್‌ಮೆಂಟ್ ಮಾಡಿಸಿ, ಟೈರು ನೋಡಿಸಿ ತಂದರು. ಏನೂ ತೊಂದರೆಯಿಲ್ಲ ಅಂತ ಅಲ್ಲಿಯವರು ಅಂದರಂತೆ. ಆಮೇಲೆ ಮಾವ ತಾವೇ ಪರೀಕ್ಷೆಗೆ ಕೂತರು. ಅವರ ಜಾಗ ಯಾವಾಗಲೂ ಹಿಂದಿನ ಸೀಟಿನ ಎಡಗಡೆ, ಕಿಟಕಿ ಪಕ್ಕ. ನಾನೇ ಓಡಿಸಿ, ಹೊಳೆನರಸೀಪುರಕ್ಕೆ ನಾಲ್ಕು ಸಲ ಹೋಗಿ ಬಂದೆವು.

"ಊವಿನಂಗೆ ಓಗ್ತದಲ್ಲವ್ವಾ," ಅಂದರು ಮಾವ.

ಮಾರನೆಯ ದಿನ ನಾನೊಬ್ಬಳೇ ಹೊರಟೆ. ಅರವತ್ತು ಮುಟ್ಟಿದ್ದೇ ತಡ, ಮತ್ತೆ ಅದೇ ಓಲಾಟ. ಮನೆಗೆ ಬಂದು ಹೇಳಿದರೆ ನನ್ನ ಗಂಡ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಅಂದು ನಕ್ಕರು. ಎರಡು ದಿನ ಅವರೇ ಬಡಿಸಿಕೊಂಡು ಉಂಡರು.

ಮಾವ ಮಾತ್ರ ನಗಲಿಲ್ಲ. "ಬ್ಯಾಡ ಕಣವ್ವಾ, ಬಸ್ಸಲ್ಲೇ ಓಗು. ಬದುಕಿದ್ರೆ ಬೇಡ್ಕಂಡಾದ್ರೂ ತಿನ್ಬೋದು," ಅಂದರು. ಅಕ್ಕರೆಯಿಂದಲೇ ಅಂದದ್ದು, ಅದಕ್ಕೇ ಹೆಚ್ಚು ನೋವಾಯಿತು. ಎರಡು ಬಸ್ಸು ಬದಲಾಯಿಸಿ ಶಾಲೆಗೆ ಹೋಗತೊಡಗಿದೆ. ದಿನ ಕಳೆದಂತೆ ನನಗೇ ಅನುಮಾನ ಹತ್ತಿತು. ಕೈ ನಡುಗುತ್ತಿತ್ತೇನೋ, ತಿರುವಿನಲ್ಲಿ ನಾನೇ ಹೆದರುತ್ತಿದ್ದೆನೇನೋ. ಇನ್ನು ಈ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ ಅನ್ನಿಸಿ ಒಂದು ಸಲ ಬಚ್ಚಲಲ್ಲಿ ನಿಂತು ಅತ್ತದ್ದೂ ಇದೆ.

ಕೊನೆಗೆ ನನ್ನ ಮುಖ ನೋಡಲಾರದೆ ಗಂಡ ಒಂದು ಭಾನುವಾರ ಗಾಡಿಯನ್ನು ಚನ್ನರಾಯಪಟ್ಟಣದ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದರು. ಮಾವನೂ ನಾನೂ ಜೊತೆಗೆ ಹೋದೆವು. ನನಗೆ ಯಾರನ್ನೂ ಹೊಗಳಿ ಅಭ್ಯಾಸವಿಲ್ಲ. ಆದರೆ ಆ ಮನುಷ್ಯನನ್ನು ಹೊಗಳದೆ ಬಿಟ್ಟರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಅರವತ್ತರ ಆಸುಪಾಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಅವರು ಬಾನೆಟ್ ಎತ್ತಲಿಲ್ಲ. "ಓಡ್ಸೋರು ಯಾರು?" ಅಂತ ಕೇಳಿ, ನನಗೊಂದು ಸ್ಟೂಲು ಹಾಕಿ, ಎದುರಿಗೆ ಕೂತರು. ಯಾವ ಕಡೆ ತಿರುವು? ಎಷ್ಟು ಸ್ಪೀಡು? ರಸ್ತೆ ನುಣ್ಣಗಿತ್ತಾ, ಗುಂಡಿ ಬಿದ್ದಿತ್ತಾ? ಮೂರು ತಿಂಗಳಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ.

"ನಾನೊಬ್ಬಳೇ ಇದ್ದಾಗ ಮಾತ್ರ ಹಿಂಗಾಗುತ್ತೆ. ಎಲ್ಲರೂ ಇದ್ದಾಗ ಒಂದು ಸಲವೂ ಆಗಿಲ್ಲ," ಅಂದೆ.

ಗಂಡ ಕೆಮ್ಮಿದರು. ಮೆಕ್ಯಾನಿಕ್ ಅತ್ತ ತಿರುಗಲೇ ಇಲ್ಲ. "ಎಲ್ರೂ ಅಂದ್ರೆ ಯಾರ್ಯಾರು? ಎಲ್ಲೆಲ್ಲಿ ಕೂತ್ಕತಾರೆ?"

ಹೇಳಿದೆ. ಅವರು ಮಾವನನ್ನು ಒಮ್ಮೆ ನೋಡಿದರು. ನಮ್ಮ ಮಾವ ಭಾರಿ ಆಳು. "ಯಜಮಾನ್ರೇ, ನೀವಿಬ್ರೂ ಇಲ್ಲೇ ಕಾಫಿ ಕುಡೀತಿರಿ," ಅಂದು ನನ್ನ ಪಕ್ಕದ ಸೀಟಿಗೆ ಹತ್ತಿದರು.

ಶ್ರವಣಬೆಳಗೊಳದ ರಸ್ತೆಯಲ್ಲಿ ಅರವತ್ತಕ್ಕೆ ಏರಿಸಿದೆ. ತಿರುವಿನಲ್ಲಿ ಹಿಂಭಾಗ ಎಗರಿತು.

"ನಿಲ್ಸಿ ಮೇಡಂ. ನಿಮ್ ಕೈಲೇನೂ ತಪ್ಪಿಲ್ಲ. ಇದು ಗಾಡೀದೇ," ಅಂದರು.

ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಕೆಳಗಿಳಿದು, ಚೆನ್ನಾಗಿಯೇ ಇದ್ದ ಟೈರುಗಳನ್ನು ನಾನು ಕಣ್ಣೊರೆಸಿಕೊಳ್ಳುವವರೆಗೂ ಒಂದೊಂದಾಗಿ ನೋಡುತ್ತಿದ್ದರು.

ಶೆಡ್ಡಿಗೆ ಮರಳಿ, ಗಾಡಿಯ ಹಿಂದಿನ ಬಲಮೂಲೆಯನ್ನು ಎರಡೂ ಕೈಯಿಂದ ಅದುಮಿದರು. ತಗ್ಗಿ ಮೇಲೆದ್ದಿತು. ಎಡಮೂಲೆ ಅದುಮಿದರೆ ಜಪ್ಪಯ್ಯ ಅನ್ನಲಿಲ್ಲ. ಟಾರ್ಚು ಹಿಡಿದು ಕೆಳಗೆ ತೂರಿ, ನಮ್ಮನ್ನೂ ಬಗ್ಗಿಸಿ ತೋರಿಸಿದರು. ಎಡಗಡೆಯ ಸ್ಪ್ರಿಂಗಿನ ಸುತ್ತಿನ ನಡುವೆ ದಪ್ಪನೆಯ ಕಪ್ಪು ರಬ್ಬರ್ ತುರುಕಿದ್ದರು. ಬಲಗಡೆ ಇರಲಿಲ್ಲ.

"ಒಂದೇ ಕಾಲ್ಗೆ ಎಕ್ಕಡ ಹಾಕ್ದಂಗಾಗದೆ. ಮೇಲೆ ಭಾರ ಕೂತ್ರೆ ಸರ್ಯಾಗ್ತದೆ, ಖಾಲಿ ಇದ್ರೆ ಎಗರ್ತದೆ. ಯಾರ್ ಹಾಕ್ಸಿದ್ದು ಇದ್ನ?"

ನನ್ನ ಗಂಡ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ನಾನು ಬದುವಿಗೆ ಇಳಿಸಿದ್ದಕ್ಕೆ ಒಂದು ವಾರ ಮುಂಚೆ ಯಾವುದೋ ಮದುವೆಮನೆಯಲ್ಲಿ, ಮಾವ ಕೂತ ಕಡೆಗೇ ಗಾಡಿ ವಾಲುತ್ತದೆ ಅಂತ ನೆಂಟರು ನಕ್ಕಿದ್ದರಂತೆ. ಮಾವ ಅವತ್ತು ಸರಿಯಾಗಿ ಊಟ ಮಾಡಲಿಲ್ಲವಂತೆ. ಅಪ್ಪನಿಗೆ ಇನ್ನೊಮ್ಮೆ ಹಾಗಾಗಬಾರದು ಅಂತ ಇವರು ಗುಟ್ಟಾಗಿ ಆ ಕಡೆಗೆ ಮಾತ್ರ ರಬ್ಬರ್ ಹಾಕಿಸಿದ್ದರು. ಅದರಿಂದ ನನಗೆ ಹೀಗಾಗುತ್ತದೆ ಅಂತ ಹೊಳೆಯಲೇ ಇಲ್ಲವಂತೆ. ಬಯ್ಯಬೇಕು ಅಂತ ಬಾಯಿ ತೆರೆದವಳು ಸುಮ್ಮನಾದೆ, ಯಾಕೆಂದರೆ ಮಾವ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮೆಕ್ಯಾನಿಕ್ ಕೂಡ ಕೇಳಿಸಿಕೊಂಡಿರಬೇಕು. "ನಿಮ್ಮಿಂದಲ್ಲ ಯಜಮಾನ್ರೇ, ಸ್ಪ್ರಿಂಗೇ ಸೋತೋಗದೆ. ಎರಡೂ ಹೊಸಾವು ಹಾಕಿದ್ರೆ ಯಾರ್ ಕೂತ್ರೂ ಇಷ್ಟು ವಾಲಲ್ಲ," ಅಂದರು. ಅದು ನಿಜವೋ, ಮಾವನ ಮರ್ಯಾದೆಗಾಗಿ ಆಡಿದ ಮಾತೋ, ನಾನು ಇವತ್ತಿಗೂ ಕೇಳಿಲ್ಲ. ರಬ್ಬರ್ ಕಿತ್ತು ಹಾಕಿ, ಮಧ್ಯಾಹ್ನದೊಳಗೆ ಎರಡೂ ಸ್ಪ್ರಿಂಗ್ ಬದಲಾಯಿಸಿಕೊಟ್ಟರು.

ಹೊರಡುವಾಗ ಮಾವ ಗಾಡಿ ಹತ್ತಲಿಲ್ಲ. "ನೀನೊಬ್ಳೇ ಓಡಿಸ್ಕಂಡು ಓಗವ್ವಾ. ನಾವಿದ್ರೆ ನಿಂಗೆ ಗೊತ್ತಾಗಾಕಿಲ್ಲ," ಅಂದರು. ಆಮೇಲೆ ಮಗನ ಕಡೆ ತಿರುಗಿ, "ನೀನೂ ಬಾರ್ಲಾ," ಅಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ಒಬ್ಬಳೇ ಹೊರಟೆ. ಬೇಕಂತಲೇ ಅರವತ್ತರಲ್ಲಿ ಓಡಿಸಿದೆ. ಒಂದು ತಿರುವಿನಲ್ಲೂ ಗಾಡಿ ಅಲುಗಲಿಲ್ಲ. ಹೊಳೆನರಸೀಪುರ ಬರುವಷ್ಟರಲ್ಲಿ ಖುಷಿಗೆ ಒಬ್ಬಳೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ, ಇವರಿಬ್ಬರಿಗಾಗಿ ಕಾದೆ.

ಬಸ್ಸು ಕಿಕ್ಕಿರಿದು ಬಂತು. ಎಲ್ಲರೂ ಇಳಿದ ಮೇಲೆ ಮಾವ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗಾಡಿ ಹೇಗೆ ಬಂತು ಅಂತ ಹೇಳಲು ನಾನು ಓಡಿಹೋದೆ. ಅವರು ಅದನ್ನು ಕೇಳಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದರು.

"ಮೂರು ತಿಂಗ್ಳೂ ಇಂಗೇ ನಿಂತ್ಕಂಡು ಓಗ್ತಿದ್ಯಾ, ಮಗಾ?"

ಹೂಂ ಅಂದೆ.